ಗಂಟೆ ನಿಂತ ಮೇಲಿನ ಉಸಿರು

ಸಂಸತ್ತಿನಲ್ಲಿ ಅವನಿಗಿದ್ದ ಹೆಸರು ಚಿಲಕ. ಹೆತ್ತವರು ಇಟ್ಟ ಹೆಸರನ್ನು ಸಂಬಳದ ದಿನ ಮಾತ್ರ ಯಾರಾದರೂ ಕೂಗುತ್ತಿದ್ದರು. ಆಗಲೂ ಅವನು ಒಂದು ಗಳಿಗೆ ಅತ್ತಿತ್ತ ನೋಡಿ, ಓ, ನನ್ನನ್ನೇ ಎಂದು ಎದ್ದು ನಿಲ್ಲುತ್ತಿದ್ದ. ಮಂತ್ರಿಗಳಿಗೆ, ವಿರೋಧ ಪಕ್ಷದವರಿಗೆ, ಕ್ಯಾಂಟೀನಿನಲ್ಲಿ ಲೋಟ ತೊಳೆಯುವವಳಿಗೆ, ಎಲ್ಲರಿಗೂ ಅವನು ಚಿಲಕನೇ. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಎಲ್ಲರೂ ಬಾಯಿ ತೆರೆಯುವುದಕ್ಕೆ ಬಂದವರು, ಮುಚ್ಚುವುದಕ್ಕೆ ಸಂಬಳ ತೆಗೆದುಕೊಳ್ಳುವವನು ತಾನೊಬ್ಬನೇ ಎಂದು ಮನೆಯಲ್ಲಿ ಅಕ್ಕನ ಮುಂದೆ ಜಂಬ ಕೊಚ್ಚುತ್ತಿದ್ದ.

ಅವನ ಕೆಲಸ ಏನೆಂದು ಹೇಳಿದರೆ ನೀವು ಇಷ್ಟೇನಾ ಎನ್ನುತ್ತೀರಿ. ಬಾಗಿಲು ಮುಚ್ಚುವುದು. ಸದನದಲ್ಲಿ ಒಂದು ವಿಷಯಕ್ಕೆ ಹೌದು ಎನ್ನುವವರ ಗಂಟಲೂ ಅಲ್ಲ ಎನ್ನುವವರ ಗಂಟಲೂ ಒಂದೇ ಸಮ ಕೇಳಿಸಿದಾಗ ಸ್ಪೀಕರ್ ತಲೆ ಎಣಿಸಿ ಎನ್ನುತ್ತಾರೆ. ಆಗ ಇಡೀ ಕಟ್ಟಡದಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಸದಸ್ಯರು ಎಲ್ಲಿದ್ದರೂ, ಕ್ಯಾಂಟೀನಿನಲ್ಲಿ ಹರಟುತ್ತಿರಲಿ, ಲೈಬ್ರರಿಯಲ್ಲಿ ತೂಕಡಿಸುತ್ತಿರಲಿ, ಗಂಟೆ ನಿಲ್ಲುವುದರೊಳಗೆ ಒಳಗೆ ಬಂದು ಕೂರಬೇಕು. ಗಂಟೆ ನಿಂತಿತೋ, ಬಾಗಿಲು ಬಿತ್ತು. ಒಳಗಿದ್ದವನು ಲೆಕ್ಕಕ್ಕೆ ಉಂಟು. ಹೊರಗಿದ್ದವನು ಎಂಥ ದೊಡ್ಡ ಮನುಷ್ಯನಾದರೂ ಆ ಹೊತ್ತಿಗೆ ಲೆಕ್ಕಕ್ಕಿಲ್ಲ. ದೇಶದ ಹಣೆಬರಹ ಬರೆಯುವವರು ಎದ್ದೆನೋ ಬಿದ್ದೆನೋ ಎಂದು ಓಡಿ ಬರುವುದನ್ನು ಚಿಲಕನಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಒಬ್ಬರು ಕತ್ತಿಗೆ ಕ್ಷೌರದ ಬಟ್ಟೆ ಕಟ್ಟಿಕೊಂಡು, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಬಂದಿದ್ದರು. ಆ ಅರ್ಧ ಮುಖದ ಓಟಿನಿಂದಲೇ ಆವತ್ತಿನ ಸರ್ಕಾರ ಉಳಿಯಿತು ಎಂದು ಕ್ಯಾಂಟೀನಿನಲ್ಲಿ ಈಗಲೂ ನಗುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಂಟೆ ಎಲ್ಲರಿಗೂ ಅಷ್ಟೇ ಹೊತ್ತು ಹೊಡೆದುಕೊಳ್ಳುತ್ತದೆ, ಸರಿ. ಆದರೆ ಮಂತ್ರಿಗಳ ಕೋಣೆಗಳು ಸದನದ ಬಾಗಿಲಿಗೆ ಅಂಟಿಕೊಂಡ ಹಾಗಿವೆ. ಕೈಕಾಲು ಚಾಚಿ, ಆಕಳಿಸಿ, ಕೋಟು ಹುಡುಕಿ ಹಾಕಿಕೊಂಡು ಬಂದರೂ ಅವರಿಗೆ ಹೊತ್ತು ಮಿಗುತ್ತದೆ. ಹಿಂದಿನ ಸಾಲಿನ ಬಡಪಾಯಿ ಸದಸ್ಯರಿಗೆ ಕೋಣೆ ಸಿಗುವುದು ಅಂಗಳದ ಆಚೆಯ ಹಳೆಯ ಕಟ್ಟಡದಲ್ಲಿ, ಮೆಟ್ಟಿಲಿಳಿದು, ಉದ್ದ ಹಜಾರ ದಾಟಿ ಬರಬೇಕಾದ ಜಾಗದಲ್ಲಿ. ಈ ಏರ್ಪಾಡು ಮಾಡಿದ ಮಹಾನುಭಾವ ಯಾರೋ, ಅವನ ಕೋಣೆ ಬಾಗಿಲ ಪಕ್ಕದಲ್ಲೇ ಇದ್ದಿರಬೇಕು.

ಚಿಲಕನಿಗೆ ಕೆಲಸ ಕಲಿಸಿದ್ದು ಹಳೆಯ ಮಾರ್ಷಲ್. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮುದುಕ. ಮೊದಲ ದಿನ ಅವರು ಇವನನ್ನು ಬಾಗಿಲ ಬಳಿ ನಿಲ್ಲಿಸಿ ಹೇಳಿದ್ದರು: "ಗಂಟೆ ನಿಂತ ತಕ್ಷಣ ಧಡ್ ಅಂತ ಬಡೀಬೇಡ. ಒಂದು ಉಸಿರು ತಗೋ, ಬಿಡು, ಆಮೇಲೆ ತಳ್ಳು. ಕಾನೂನು ಪುಸ್ತಕದಲ್ಲಿ ಇದಿಲ್ಲ. ನಮಗೆ ಕಲಿಸಿದವರು ಹೀಗೆ ಕಲಿಸಿದ್ರು, ನಾನು ನಿನಗೆ ಹೇಳ್ತಿದೀನಿ. ಬಾಗಿಲು ಕಾನೂನಿಂದು, ಆ ಉಸಿರು ಮಾತ್ರ ನಮ್ಮದು, ತಿಳೀತಾ?" ಅಂದಿನಿಂದ ಅವನು ಯಾರಿಗೂ ಆ ಉಸಿರನ್ನು ತಪ್ಪಿಸಲಿಲ್ಲ, ಯಾರಿಗೂ ಅದಕ್ಕಿಂತ ಹೆಚ್ಚು ಕೊಡಲೂ ಇಲ್ಲ. ಒಮ್ಮೆ ಹಣಕಾಸು ಮಂತ್ರಿಯ ಮೂಗಿನ ನೇರಕ್ಕೇ ಬಾಗಿಲು ಹಾಕಿದ್ದ. ಮಂತ್ರಿ ಹೊರಗೆ ನಿಂತು ಹಲ್ಲು ಕಡಿದರು, ಇವನು ಒಳಗೆ ನಿಂತು ಸೊಂಟದ ಪಟ್ಟಿ ಸರಿಮಾಡಿಕೊಂಡ. ಚಿಲಕ ಎಂಬ ಹೆಸರು ಬಿದ್ದದ್ದೇ ಆವತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಈ ಕಥೆಯನ್ನು ಮೂರು ಸಲ ಹೇಳಿಸಿದ್ದಳು. "ಮಂತ್ರಿಗೂ ಅಷ್ಟೇ ಉಸಿರೇನೋ?" ಎಂದು ಕೇಳಿದಳು. "ಅಷ್ಟೇ ಅಕ್ಕ" ಎಂದ. "ಹಂಗಾದ್ರೆ ನಿನ್ನನ್ನ ಓದಿಸಿದ್ದು ಸಾರ್ಥಕ ಆಯ್ತು ಬಿಡು" ಎಂದು ಇನ್ನೊಂದು ಸೌಟು ಬಡಿಸಿದಳು.

ಅವನನ್ನು ಸಾಕಿದವಳು ಅವಳೇ. ತಾಯಿ ಹೋದಾಗ ಅವನಿನ್ನೂ ಲಂಗೋಟಿಯ ಕೂಸು, ಅವಳಿಗೂ ಅಂಥ ವಯಸ್ಸೇನಲ್ಲ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಗೆ ಸೇರಿ, ಕುದಿಯುವ ಹಂಡೆಗಳ ಮುಂದೆ ನಿಂತು ನಿಂತು ಮಂಡಿ ಕಳೆದುಕೊಂಡಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನನ್ನು ತೋರಿಸಿ, "ಇದೊಂದನ್ನ ಸಾಕೋದ್ರಲ್ಲೇ ಸಾಕಾಗಿದೆ, ಇನ್ನೊಂದು ಯಾರಿಗೆ ಬೇಕು?" ಎನ್ನುತ್ತಿದ್ದಳು. ಮುಂದೆ ಅವನಿಗೂ ಮದುವೆ ಕೂಡಿಬರಲಿಲ್ಲ. "ಚಿಲಕಕ್ಕೆ ಯಾರು ಹೆಣ್ಣು ಕೊಡ್ತಾರೆ?" ಎಂದು ಅವಳೇ ಅವನ ಕಾಲೆಳೆಯುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಹೀಗೆ ಮುದುಕರಾಗುತ್ತಾ ಬಂದರು.

ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು ಓಟಕ್ಕ ಎಂದು. ಮಂಡಿ ನೋವಿನ ಹೆಂಗಸಿಗೆ ಇದೆಂಥ ಹೆಸರು ಎನ್ನಬೇಡಿ, ಓಟು ಹಾಕಿಸುವ ಅಕ್ಕ ಎಂದು ಅದರ ಅರ್ಥ. ಅದಕ್ಕೊಂದು ಹಿನ್ನೆಲೆ ಇದೆ. ಅವಳ ಹರೆಯದಲ್ಲಿ ಕಾರ್ಖಾನೆಯ ಕೊಳಕು ಬಿಸಿನೀರು ಬೀದಿಯಲ್ಲೇ ಹರಿಯುತ್ತಿತ್ತು. ಮಕ್ಕಳ ಕಾಲಿಗೆ ಬೊಬ್ಬೆ ಬರುತ್ತಿತ್ತು. ಚರಂಡಿ ಕೇಳುವುದಕ್ಕೆಂದು ಹೆಂಗಸರೆಲ್ಲ ಸೇರಿ ಕಚೇರಿಗೆ ಹೋದರು. ಅಲ್ಲಿದ್ದವನು ತಲೆ ಕೂಡ ಎತ್ತದೆ, "ನಿಮ್ಮ ಬೀದಿಯಿಂದ ಓಟಿಗೆ ಎಷ್ಟು ಜನ ಬರ್ತೀರಮ್ಮ? ನಾಲ್ಕು ಜನಾನೂ ಬರಲ್ಲ. ಬರೋ ಬೀದಿಗೇ ಚರಂಡಿ ಹಾಕಿ ಮುಗಿದಿಲ್ಲ ನಮಗೆ" ಎಂದ. ಉಳಿದವರು ಅವನಿಗೆ ಶಾಪ ಹಾಕುತ್ತಾ ಮನೆಗೆ ಬಂದರು. ಅಕ್ಕನ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಮುರಿದುಕೊಂಡಿತು.

ಅಂದಿನಿಂದ ಚುನಾವಣೆ ಬಂತೆಂದರೆ ಅವಳು ಬೆಳಕು ಹರಿಯುವ ಮುಂಚೆ ತಗಡಿನ ತಟ್ಟೆ ಹಿಡಿದು ಬೀದಿಗಿಳಿಯುತ್ತಿದ್ದಳು. ಚಮಚದಲ್ಲಿ ತಟ್ಟೆ ಬಡಿದು ಮನೆಮನೆಯ ಮುಂದೆ ನಿಲ್ಲುವಳು. "ಏಳ್ರೇ! ಕೆಲಸಕ್ಕೆ ಹೋಗೋ ದಾರೀಲೇ ಒತ್ತಿ ಹೋಗ್ರೇ!" ಒಳಗಿನಿಂದ ಯಾರೋ, "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂಚೂರು ಮಲಗಲಿಕ್ಕೆ ಬಿಡು" ಎಂದು ನರಳುವರು. "ಕಾಲಿಗೆ ಆಮೇಲೆ ಬೀಳು, ಮೊದಲು ಎದ್ದೇಳು" ಎನ್ನುವಳು. ಬೈಯುತ್ತಲೇ ಹೆಂಗಸರು ಹೊರಗೆ ಬರುತ್ತಿದ್ದರು. ಮತಗಟ್ಟೆ ಬೀದಿಯ ಕೊನೆಯಲ್ಲೇ ಇತ್ತು, ಶಾಲೆಯ ಒಂದು ಕೋಣೆ. ಕಾರ್ಖಾನೆಯ ಸೈರನ್ ಕೂಗುವುದರೊಳಗೆ ಓಟು ಹಾಕಿ ಓಡಬಹುದಿತ್ತು. ಇಷ್ಟೆಲ್ಲ ಮಾಡಿದರೂ ಬೀದಿಯ ಅರ್ಧಕ್ಕರ್ಧ ಜನರನ್ನೂ ಅವಳಿಂದ ಎಬ್ಬಿಸಲಾಗಲಿಲ್ಲ. ದುಡಿದು ಸೋತ ಮೈ, ಏನು ಮಾಡುವುದು ಹೇಳಿ? ಆದರೂ ಕೊನೆಗೊಮ್ಮೆ ಚರಂಡಿ ಬಂತು. ಅದರ ಕಲ್ಲು ಹಾಸಿನ ಮೇಲೆ ನಡೆಯುವಾಗ ಅಕ್ಕ ಈಗಲೂ ಕಾಲನ್ನು ಸ್ವಲ್ಪ ಜೋರಾಗಿಯೇ ಊರುತ್ತಿದ್ದಳು.

ಹೀಗಿರುವಾಗ ಸದನಕ್ಕೆ ಆ ಮಸೂದೆ ಬಂತು. ಎಲ್ಲಿ ಜನ ಕಡಿಮೆ ಬರುತ್ತಾರೋ ಅಲ್ಲಿನ ಮತಗಟ್ಟೆಯನ್ನು ಮುಚ್ಚಿ, ದೊಡ್ಡದೊಂದಕ್ಕೆ ಸೇರಿಸಿಬಿಡುವುದು. ಅಕ್ಕನ ಬೀದಿಯದು ಮುಚ್ಚಿದರೆ ಹೋಗಬೇಕಾದದ್ದು ರೈಲು ಹಳಿಯ ಆಚೆಗೆ, ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು. ಚರ್ಚೆಯಲ್ಲಿ ಮಂತ್ರಿಯೊಬ್ಬರು ಎದ್ದು, "ಬರದೇ ಇರೋರಿಗೆ ಬಾಗಿಲು ತೆಗೆದು ಕೂರೋದು ಯಾವ ಬುದ್ಧಿವಂತಿಕೆ?" ಎಂದು ಕೇಳಿದರು. ಚಿಲಕ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಆ ಬೀದಿಯ ಕಡೆಯಿಂದ ಗೆದ್ದುಬಂದ ಸದಸ್ಯರು ಹಿಂದಿನ ಸಾಲಿನಿಂದ ಎದ್ದರು. ರಾಜಕೀಯಕ್ಕೆ ಬರುವ ಮುಂಚೆ ಅವರು ಬಟ್ಟೆ ಹೊಲಿಯುತ್ತಿದ್ದವರು, ಎಲ್ಲರೂ ಟೈಲರ್ ಸಾಹೇಬರು ಎಂದೇ ಕರೆಯುತ್ತಿದ್ದರು. ಸೊಂಟ ಹಿಡಿದುಕೊಂಡು, ಕೋಲೂರಿ ನಡೆಯುವ ವಯಸ್ಸು. "ತೋಳು ಬಿಗಿ ಆದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕು ಸ್ವಾಮಿ, ಕೈ ಕತ್ತರಿಸೋದಲ್ಲ" ಎಂದರು. ಎರಡೂ ಕಡೆಯವರು ನಕ್ಕರು. ನಕ್ಕವರೆಲ್ಲ ಅವರ ಕಡೆಗೇ ಓಟು ಹಾಕುತ್ತಾರೆ ಎಂದೇನೂ ಇಲ್ಲವಲ್ಲ.

ಸುದ್ದಿ ಕೇಳಿದ ಅಕ್ಕನಿಗೆ ಅನ್ನ ಸೇರಲಿಲ್ಲ. "ಲೋ, ನೀನು ಆ ಮನೆಯ ಬಾಗಿಲಲ್ಲೇ ಇರೋನು. ಒಬ್ಬೊಬ್ಬರಿಗೂ ಕಿವೀಲಿ ಒಂದು ಮಾತು ಹಾಕೋ" ಎಂದಳು.

"ನಾವು ಸದಸ್ಯರ ಹತ್ತಿರ ಸದನದ ವಿಷಯ ಎತ್ತಂಗಿಲ್ಲ ಅಕ್ಕ. ಎತ್ತಿದ್ರೆ ಬಾಗಿಲಿನವನು ಅನ್ನೋ ಮಾತಿಗೇ ಬೆಲೆ ಇರಲ್ಲ."

"ಸರಿ, ನೀನು ಎತ್ತಬೇಡ. ನನಗೆ ಬಾಯಿಲ್ವಾ?" ಎಂದವಳೇ ಮರುದಿನ ಮಂಡಿಗೆ ಬಟ್ಟೆ ಸುತ್ತಿಕೊಂಡು ಟೈಲರ್ ಸಾಹೇಬರ ಮನೆಗೆ ಹೋದಳು. ಏನು ಮಾತಾಡಿದಳೋ ಗೊತ್ತಿಲ್ಲ. ಸಾಹೇಬರು ಮಾತ್ರ ಹಜಾರದಲ್ಲಿ ಚಿಲಕನನ್ನು ನಿಲ್ಲಿಸಿ ನಕ್ಕರು. "ನಿಮ್ಮಕ್ಕ ನನ್ನ ಕಿವಿ ಹಿಂಡಿ ಹೋಗಿದ್ದಾರೆ ಕಣಪ್ಪ. ಸತ್ತು ಬಿದ್ದಿದ್ರೂ ಆವತ್ತು ಬಂದು ಕೈ ಎತ್ತಿ ಹೋಗಬೇಕಂತೆ." ಚಿಲಕ ನಕ್ಕು ಸೊಂಟದ ಪಟ್ಟಿ ಸರಿಮಾಡಿಕೊಂಡ. ಒಳಗೊಳಗೇ ಮಾತ್ರ ಅವನ ಎದೆ ಹಗುರಾಯಿತು.

ಆ ದಿನ ಬಂತು. ಎರಡೂ ಕಡೆಯ ಬಲ ಕೂದಲೆಳೆಯಷ್ಟು ಹತ್ತಿರ ಇದೆ ಎಂದು ಬೆಳಗಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಸಮ ಸಮ ಬಂದರೆ ಸ್ಪೀಕರ್ ತಮ್ಮ ಮತವನ್ನು ಇದ್ದದ್ದನ್ನು ಇದ್ದ ಹಾಗೇ ಬಿಡುವ ಕಡೆಗೆ ಹಾಕುವುದು ಆ ಸದನದ ವಾಡಿಕೆ. ಹಾಗಾದರೆ ಮತಗಟ್ಟೆ ಉಳಿಯುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಸ್ಪೀಕರ್ ಎಣಿಕೆ ಕೇಳಿದರು. ಗಂಟೆ ಹೊಡೆದುಕೊಂಡಿತು. ಮಂತ್ರಿಗಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಂದರು. ಕ್ಯಾಂಟೀನಿನವರು ಬಾಯಿ ಒರೆಸಿಕೊಳ್ಳುತ್ತಾ ಬಂದರು. ಚಿಲಕ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಜಾರದ ಆ ತುದಿಯನ್ನೇ ನೋಡುತ್ತಿದ್ದ. ಅಲ್ಲಿ ಕೋಲಿನ ಸದ್ದು ಕೇಳಿಸಿತು.

ಟೈಲರ್ ಸಾಹೇಬರು ಬರುತ್ತಿದ್ದರು. ಓಡಲಾರದ ಮನುಷ್ಯ ಓಡುವುದನ್ನು ನೀವು ನೋಡಿದ್ದೀರಾ? ಕೋಲು ಮುಂದೆ ಹೋಗುತ್ತದೆ, ಮೈ ಮುಂದೆ ಬಾಗುತ್ತದೆ, ಕಾಲು ಮಾತ್ರ ಅಲ್ಲೇ ಇರುತ್ತದೆ. ಮುಖವೆಲ್ಲ ಬೆವರು. ಬಾ ಸಾಹೇಬ, ಬಾ, ಎಂದು ಚಿಲಕನ ಒಳಗಿನವನು ಕೂಗುತ್ತಿದ್ದ.

ಅಷ್ಟರಲ್ಲಿ ಆಡಳಿತ ಪಕ್ಷದ ಸಚೇತಕ, ಅಂದರೆ ತಮ್ಮ ಕಡೆಯವರನ್ನೆಲ್ಲ ಎಣಿಸಿ ಎಣಿಸಿ ಒಳಗೆ ಅಟ್ಟುವ ಕೆಲಸದವನು, ಚಿಲಕನ ಪಕ್ಕದಲ್ಲಿ ಬಂದು ನಿಂತ. ತುಟಿಯಂಚಿನಲ್ಲಿ ನಗುತ್ತಾ, "ಏನು ಚಿಲಕ, ಅಲ್ಲಿ ಬರ್ತಿರೋರು ನಿಮ್ಮ ಏರಿಯಾದವರಲ್ವಾ?" ಎಂದ. ಅಷ್ಟೇ ಮಾತು. ಚಿಲಕನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಮಂತ್ರಿ ಎನ್ನದೆ ಮಾಮೂಲಿ ಸದಸ್ಯ ಎನ್ನದೆ ಮುಚ್ಚಿದ ಬಾಗಿಲನ್ನು ಈಗ ತನ್ನವರಿಗೆ ತೆರೆದಿಟ್ಟ ಎಂದು ಸಚೇತಕನೇ ಹೊರಗೆ ಹೋಗಿ ಸಾರಿಬಿಡುತ್ತಾನೆ ಎನ್ನಿಸಿತು.

ಗಂಟೆ ನಿಂತಿತು. ಚಿಲಕ ಉಸಿರು ತೆಗೆದುಕೊಳ್ಳಲಿಲ್ಲ. ತಳ್ಳಿಬಿಟ್ಟ.

ಬೇರೆ ಯಾರಾದರೂ ಬರುತ್ತಿದ್ದರೆ, ಶತ್ರುವೇ ಆಗಿದ್ದರೂ, ಆ ಉಸಿರು ಸಿಗುತ್ತಿತ್ತು. ತನ್ನವರು ಎಂಬ ಕಾರಣಕ್ಕೇ ಅದನ್ನು ನುಂಗಿಬಿಟ್ಟ. ಎಂಥ ದಡ್ಡತನ ಎನ್ನುತ್ತೀರಾ? ಪ್ರಾಮಾಣಿಕರು ಮಾಡುವ ದಡ್ಡತನ ಇಂಥದ್ದೇ, ಅದರಿಂದ ಪಕ್ಕದಲ್ಲಿ ನಿಂತವನಿಗೆ ಲಾಭ. ಬಾಗಿಲ ನಡುವೆ ಅಂಗೈ ಅಗಲದ ಗಾಜು ಇತ್ತು. ಸಾಹೇಬರ ಮುಖ ಅದರ ಆಚೆಗೆ ಬಂದು ನಿಂತಿತು. ಅವರು ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ಏದುಸಿರು ಬಿಡುತ್ತಾ ಗಾಜಿನ ಮೇಲೆ ಅಂಗೈ ಇಟ್ಟರು. ಚಿಲಕ ತನ್ನ ಬೂಟು ನೋಡುತ್ತಾ ನಿಂತ.

ಒಂದೇ ಒಂದು ಮತದಿಂದ ಮಸೂದೆ ಗೆದ್ದಿತು. ಮೇಜು ಕುಟ್ಟುವ ಸದ್ದು ನಿಂತ ಮೇಲೆ ಬಾಗಿಲು ತೆಗೆದ. ಸಾಹೇಬರು ಇನ್ನೂ ಅಲ್ಲೇ ಗೋಡೆಗೆ ಒರಗಿದ್ದರು. "ನಿನ್ನ ತಪ್ಪಲ್ಲಪ್ಪ. ನನ್ನ ರೂಮು ದೂರ" ಎಂದರು. ಕೋಲು ಊರಿಕೊಳ್ಳುತ್ತಾ, "ನಿಮ್ಮಕ್ಕನಿಗೆ ಏನು ಹೇಳೋದು?" ಎಂದರು. ಈಗಿನ ಮಾರ್ಷಲ್ ಬಂದು ಚಿಲಕನ ಬೆನ್ನು ತಟ್ಟಿ, "ಭೇಷ್! ಇವತ್ತು ನೋಡು, ಬಾಗಿಲು ಅಂದ್ರೆ ಬಾಗಿಲು" ಎಂದು ಹೊಗಳಿದರು. ಬೆನ್ನಿನ ಆ ಜಾಗ ಅವನಿಗೆ ಸಂಜೆಯವರೆಗೂ ಉರಿಯುತ್ತಿತ್ತು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದ. ಅಕ್ಕನ ಹತ್ತಿರ ಸುಳ್ಳು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಅಕ್ಕ ಒಲೆ ಆರಿಸಿ, ಅವನ ಮುಂದೆ ಬಂದು ನಿಂತಳು.

"ಉಸಿರು ಬಿಟ್ಯಾ?"

ಅವನು ಬಗ್ಗಿ ಬೂಟು ಬಿಚ್ಚತೊಡಗಿದ.

"ನಿನ್ನನ್ನೇ ಕೇಳ್ತಿರೋದು. ಗಂಟೆ ನಿಂತ ಮೇಲೆ ಉಸಿರು ಬಿಟ್ಯಾ ಇಲ್ವಾ?"

"ಇಲ್ಲ ಅಕ್ಕ."

"ಮಂತ್ರಿಗೆ ಬಿಟ್ಟಿದ್ದೆಯಲ್ಲೋ!" ಎಂದಳು. "ಮೂಗು ಜಜ್ಜಿಸಿಕೊಂಡ ಆ ಮಂತ್ರಿಗೂ ಬಿಟ್ಟಿದ್ದೆ. ಕುಂಟಿಕೊಂಡು ಬರೋ ಮುದುಕನಿಗೆ ಬಿಡಲಿಲ್ಲ. ಗಂಟೆ ಎಲ್ಲರಿಗೂ ಒಂದೇ ಇರಬಹುದು ಕಣೋ, ಹಜಾರ ಒಂದೇ ಅಲ್ಲವಲ್ಲ! ಅಷ್ಟೂ ತಿಳೀಲಿಲ್ವಾ ನಿನಗೆ?"

ಅಂದಿನಿಂದ ಅವಳು ಅವನಿಗೆ ಬಡಿಸುವುದನ್ನು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ತಟ್ಟೆಗೆ ಹಾಕಿ ಇನ್ನೊಂದು ತಟ್ಟೆ ಮುಚ್ಚಿ ಗೂಡಿನಲ್ಲಿಟ್ಟು ಮಲಗಿಬಿಡುತ್ತಿದ್ದಳು. ಬೇಕಾದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಸಾಬೂನು ಮುಗಿದಿದೆ, ನೀರು ಬಂದಿದೆ, ಅಷ್ಟೇ. ಅವನು ಆರಿದ ಅನ್ನವನ್ನು ಒಬ್ಬನೇ ಉಣ್ಣುವಾಗ ಗೋಡೆಯಾಚೆ ಅವಳು ಎಚ್ಚರವಾಗಿಯೇ ಇರುವುದು ತಿಳಿಯುತ್ತಿತ್ತು. ಕರೆಯಬೇಕು ಎನ್ನಿಸುತ್ತಿತ್ತು, ತಟ್ಟೆ ತೊಳೆದಿಟ್ಟು ಮಲಗಿಬಿಡುತ್ತಿದ್ದ. ಒಂದೇ ಮಾಡಿನ ಕೆಳಗೆ ಇಬ್ಬರು ಮುದುಕರು ಮಾತು ಬಿಟ್ಟು ಬದುಕುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ.

ಮುಂದಿನ ಚುನಾವಣೆ ಬಂತು. ಆ ದಿನ ಸಂಸತ್ತಿನ ಸಿಬ್ಬಂದಿಯನ್ನೆಲ್ಲ ಮತಗಟ್ಟೆಗಳ ಕೆಲಸಕ್ಕೆ ಹಾಕುತ್ತಾರೆ. ಚಿಲಕನಿಗೆ ಸಿಕ್ಕಿದ್ದು ಊರಿನ ಶ್ರೀಮಂತರ ಬಡಾವಣೆಯ ಒಂದು ಮತಗಟ್ಟೆ, ಅಲ್ಲೂ ಗೇಟು ಕಾಯುವುದೇ. ಹಿಂದಿನ ದಿನವೇ ಹೋಗಬೇಕಿತ್ತು. ಹೊರಡುವಾಗ ಅಕ್ಕ ತಗಡಿನ ತಟ್ಟೆ ಒರೆಸುತ್ತಾ ಕುಳಿತಿದ್ದಳು. "ಸೇತುವೆ ಮೆಟ್ಟಿಲು ಹುಷಾರು" ಎಂದ. ಅವಳು ತಟ್ಟೆ ಒರೆಸಿದಳು.

ಆ ಬಡಾವಣೆಯನ್ನು ನೋಡಿ ಚಿಲಕ ದಂಗಾದ. ನೆರಳಿನ ಮರಗಳ ಕೆಳಗೆ, ಕೂಗಿದರೆ ಕೇಳಿಸುವಷ್ಟು ದೂರಕ್ಕೊಂದು ಮತಗಟ್ಟೆ. ಅಲ್ಲಿ ಜನ ಚೆನ್ನಾಗಿ ಬರುತ್ತಾರೆ, ಆದ್ದರಿಂದ ಯಾವುದನ್ನೂ ಮುಚ್ಚಿರಲಿಲ್ಲ. ಒಳಗೆ ಕುರ್ಚಿ, ಫ್ಯಾನು, ತಣ್ಣನೆ ನೀರು. ಜನ ತಿಂಡಿ ಮುಗಿಸಿ ಆರಾಮವಾಗಿ ಬಂದು, ಪರಿಚಯದವರಿಗೆ ಕೈ ಬೀಸಿ, ಓಟು ಹಾಕಿ, ಬೆರಳ ಶಾಯಿ ಒಣಗಿಸಿಕೊಳ್ಳುತ್ತಾ ಹೋಗುತ್ತಿದ್ದರು. ಬರದಿರುವುದಕ್ಕೆ ಅಲ್ಲಿ ಯಾರಿಗೂ ಕಾರಣವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲಸವೆಲ್ಲ ಮುಗಿದು, ಮತಗಟ್ಟೆಯ ಅಧಿಕಾರಿ ಕುರ್ಚಿಯಲ್ಲೇ ಒಂದು ಗೊರಕೆ ತೆಗೆದರು. ಚಿಲಕ ಮಾತ್ರ ಗಡಿಯಾರ ನೋಡುತ್ತಿದ್ದ. ಈಗ ಅಕ್ಕ ಸೇತುವೆ ಹತ್ತಿರಬಹುದು, ಈಗ ಸಾಲಿನಲ್ಲಿ ನಿಂತಿರಬಹುದು ಎಂದು.

ಸಂಜೆ ಹೊತ್ತಾಯಿತು. ಗೋಡೆ ಗಡಿಯಾರದ ಮುಳ್ಳು ಮುಚ್ಚುವ ಗಳಿಗೆಗೆ ಬಂತು. ಚಿಲಕ ಎದ್ದು, ಒಂದು ಉಸಿರು ತೆಗೆದುಕೊಂಡು, ಬಿಟ್ಟು, ಗೇಟು ಎಳೆದು ಅಗುಳಿ ಹಾಕಿದ. ಅಧಿಕಾರಿ ಪೆಟ್ಟಿಗೆಗೆ ಮುದ್ರೆ ಹಾಕಲು ಅರಗು ಕರಗಿಸುತ್ತಿದ್ದರು. ಅಷ್ಟರಲ್ಲಿ ಹೊರಗೆ ಕಾರು ಬಂದು ನಿಂತಿತು.

ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದ. ಒಬ್ಬ ಮುದುಕಿ ಅವನ ಭುಜ ಹಿಡಿದು ಇಳಿದಳು. ಅಕ್ಕನದೇ ವಯಸ್ಸು. ಅಕ್ಕನ ಹಾಗೇ ಬಲಗಾಲನ್ನು ಎಳೆಯುತ್ತಾ ನಡೆದು ಬಂದು ಗೇಟಿನ ಸರಳು ಹಿಡಿದುಕೊಂಡಳು. "ನಿದ್ದೆ ಹತ್ತಿಬಿಡ್ತಪ್ಪ, ಯಾರೂ ಎಬ್ಬಿಸಲಿಲ್ಲ" ಎಂದಳು.

ಹಿಂದಿನಿಂದ ಅಧಿಕಾರಿ ಓಡಿ ಬಂದರು. "ಅಯ್ಯೋ, ಅಮ್ಮಾ! ತೆಗಿಯಯ್ಯ, ತೆಗಿ. ಇವರು ಯಾರು ಗೊತ್ತಾ?"

"ಹೊತ್ತು ಮೀರಿದೆ ಸಾರ್."

"ಇಲ್ಲಿ ನನ್ನ ವಾಚೇ ವಾಚು. ಅದರಲ್ಲಿ ಇನ್ನೂ ಆಗಿಲ್ಲ. ತೆಗಿ."

ಅಧಿಕಾರಿ ಹೇಳಿದರು ಎಂದು ತೆಗೆದನೇ? ಹಾಗೆಂದು ಹೇಳಿಬಿಟ್ಟರೆ ಸುಲಭ. ಹಣಕಾಸು ಮಂತ್ರಿಗೆ ಜಗ್ಗದವನು ಈ ಬಡ ಅಧಿಕಾರಿಗೆ ಜಗ್ಗುತ್ತಿದ್ದನೇ? ಅವನ ಕಣ್ಣಿದ್ದದ್ದು ಸರಳು ಹಿಡಿದ ಆ ಕೈಯ ಮೇಲೆ. ಗಾಜಿನ ಮೇಲೆ ಅಂಗೈ ಇಟ್ಟ ಇನ್ನೊಬ್ಬರು ನೆನಪಾದರು. ಸೇತುವೆಯ ಮೆಟ್ಟಿಲ ಮೇಲಿನ ಅಕ್ಕ ನೆನಪಾದಳು. ಒಂದು ಸಲವಾದರೂ ತೆಗೆಯೋಣ ಎನ್ನಿಸಿತು. ಅಗುಳಿ ತಾನಾಗಿಯೇ ಸರಿದ ಹಾಗೆ ಸರಿಯಿತು. ಮುದುಕಿ ಒಳಗೆ ಹೋಗಿ, ಓಟು ಹಾಕಿ, ಹೊರಗೆ ಬರುವಾಗ ಅವನ ತಲೆ ಮುಟ್ಟಿ, "ದೇವರಂಥ ಮನುಷ್ಯ ನೀನು" ಎಂದಳು. ಎಷ್ಟೋ ತಿಂಗಳ ಮೇಲೆ ಚಿಲಕನ ಎದೆ ತುಸು ಹಗುರಾಯಿತು. ಇದನ್ನು ಅಕ್ಕನಿಗೆ ಹೇಳಬೇಕು, ಹೇಳಿದರೆ ಮಾತಾಡಿಯಾಳು ಎಂದುಕೊಂಡೇ ಮನೆಯ ದಾರಿ ಹಿಡಿದ.

ಮೆಟ್ಟಿಲು ಹತ್ತಿ ಬಂದಾಗ ಅಕ್ಕ ಮಂಚದ ತುದಿಯಲ್ಲಿ, ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದಳು. ಅವನ ಕಣ್ಣು ಮೊದಲು ಹೋದದ್ದು ಅವಳ ಬೆರಳಿಗೆ. ಶಾಯಿ ಇರಲಿಲ್ಲ.

"ಬಂದ್ಯಾ ತಮ್ಮಾ?" ಎಂದಳು. ತಮ್ಮಾ ಎಂದು ಕರೆದು ಎಷ್ಟು ಕಾಲವಾಗಿತ್ತು! "ಏನಾಯ್ತಕ್ಕ?" ಎಂದ.

"ಬೆಳಿಗ್ಗೆ ತಟ್ಟೆ ಬಡಿದೆ. ಯಾರೂ ಬರಲಿಲ್ಲ. ಬರೋದಾದ್ರೂ ಹೇಗೆ? ಅಷ್ಟು ದೂರ ಹೋಗಿ ಬರೋದ್ರೊಳಗೆ ಸೈರನ್ ಕೂಗಿಬಿಡುತ್ತೆ. ಸಂಜೆ ಕೆಲಸ ಬಿಟ್ಟ ಮೇಲೆ ಒಟ್ಟಿಗೆ ಹೋಗೋಣ ಅಂದ್ರು, ಕಾದೆ. ಅವರನ್ನ ಬಿಡೋದೇ ತಡ ಮಾಡಿದ್ರು. ಸೇತುವೆ ಮೇಲೆ ನನ್ನ ಕಾಲು ಹಿಡ್ಕೊಂಡುಬಿಡ್ತು. ನೀವು ಹೋಗ್ರೇ, ನಾನು ಬರ್ತೀನಿ ಅಂದೆ. ಆರೋ ಏಳೋ ಜನ ಓಡಿದ್ರು. ಅವರದು ಆಯ್ತು ನೋಡು." ಅಷ್ಟು ಹೇಳುವಾಗ ಮುಖದಲ್ಲಿ ಸಣ್ಣ ಗೆಲುವಿತ್ತು. "ನಾನು ಇಳಿದಾಗ ಗೇಟು ಕಣ್ಣಿಗೆ ಕಾಣ್ತಿತ್ತು. ಗೇಟಿನವನು ನನ್ನ ನೋಡಿದ. ಒಂದು ಉಸಿರು ತಗೊಂಡು ಬಿಟ್ಟ ಕಣೋ, ನಿಜವಾಗ್ಲೂ. ನಾನು ನೋಡ್ತಾನೇ ಇದ್ದೆ. ಆಮೇಲೆ ಮುಚ್ಚಿದ."

"ಕೇಳಿಕೊಳ್ಳಬೇಕಿತ್ತಕ್ಕ."

"ಏನು ಕೇಳೋದು? ಅವನ ಕಣ್ಣಲ್ಲಿ ನೀರಿತ್ತು ಪಾಪ. ಅಲ್ಲೇ ಸರಳು ಹಿಡ್ಕೊಂಡು ನಿಂತಾಗ ನಿನ್ನ ನೆನಪಾಯ್ತು. ಆವತ್ತು ನಿನ್ನ ಹೊಟ್ಟೆ ಎಷ್ಟು ಉರಿದಿರಬೇಕು. ನಾನು ಸುಮ್ಮಸುಮ್ಮನೆ ಇಷ್ಟು ದಿನ ಮುನಿಸಿಕೊಂಡು ಕೂತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಕಡೆ ಹೆಂಗಾಯ್ತು? ಯಾರಾದ್ರೂ ತಡವಾಗಿ ಬಂದ್ರಾ?"

"ಒಬ್ಬರು ಬಂದ್ರು. ವಯಸ್ಸಾದವರು."

"ಕಾಲು ನೋವಾ?"

"ಹೂಂ."

"ಅಯ್ಯೋ ಪಾಪ. ಏನು ಮಾಡ್ದೆ?"

ಮನೆಗೆ ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬಂದು ನಿಂತಿತು. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಮುಚ್ಚಿದೆ" ಎಂದ.

ಅಕ್ಕ ನಿಟ್ಟುಸಿರು ಬಿಟ್ಟಳು. "ಅದೇ ಸರಿ ಬಿಡು. ಅಲ್ಲೂ ಮುಚ್ಚಿದ್ರು, ಇಲ್ಲೂ ಮುಚ್ಚಿದ್ರು. ಎಲ್ಲರಿಗೂ ಒಂದೇ ಥರ ಆಯ್ತಲ್ಲ, ನನಗೆ ಅಷ್ಟು ಸಾಕು." ನೀರಿನಿಂದ ಕಾಲು ತೆಗೆದು, ಗೋಡೆ ಹಿಡಿದು ಎದ್ದಳು. "ಕೈ ತೊಳ್ಕೊಂಡು ಬಾ. ಬಿಸಿ ಇದೆ, ನಾನೇ ಬಡಿಸ್ತೀನಿ."

ಅವನು ಕೈ ತೊಳೆದು ಬಂದು ಕುಳಿತ. ಅಕ್ಕ ಬಡಿಸಿದಳು. ಇನ್ನೊಂದು ಸೌಟು ಹಾಕಲಾ ಎಂದಳು, ಹಾಕು ಎಂದ. ಬಡಿಸಿದ್ದನ್ನೆಲ್ಲ ಉಂಡ, ಒಮ್ಮೆಯೂ ತಲೆ ಎತ್ತಲಿಲ್ಲ.